ಮನೆಯವರಿಗೆ ಮಾತ್ರ

ನವೆಂಬರ್ ೧೫, ಶುಕ್ರವಾರ

ಬಲಗೈ ನೆಟ್ಟಗಿದೆ, ಅದಕ್ಕೇ ಬರೆಯಲು ಕುಳಿತಿದ್ದೇನೆ. ಎಡಗೈ ಮೊಣಕೈವರೆಗೆ ಪ್ಲಾಸ್ಟರಿನೊಳಗಿದೆ. ತುದಿಯಲ್ಲಿ ಇಣುಕುತ್ತಿರುವ ಐದು ಬೆರಳುಗಳು ಯಾರ ಮನೆಯ ಮಕ್ಕಳೋ ಎಂಬಂತೆ ನನ್ನನ್ನು ನೋಡುತ್ತಿವೆ.

ಮಂಗಳವಾರ ನಡೆದದ್ದನ್ನು ನೆನಪು ಮಾಸುವ ಮೊದಲು ಬರೆದಿಡಬೇಕು. ಅರಿಜೋನಾದ ಟೂಸಾನಿನಿಂದ ವಾಪಸ್ ಬರುತ್ತಿದ್ದೆ. ಬಾಡಿಗೆಯ ಬಿಳಿ ಕಾರು. ದಾರಿಯಲ್ಲಿ ಹ್ಯಾಚ್ ಊರಿನಲ್ಲಿ ನಿಲ್ಲಿಸಿ, ಬೆನಿಗ್ನಾ ಅಕ್ಕ ಹೇಳಿದ್ದಂತೆ ಒಣ ಕೆಂಪು ಮೆಣಸಿನಕಾಯಿಯ ಮೂಟೆಯೊಂದನ್ನು ಹಿಂದಿನ ಸೀಟಿಗೆ ಹಾಕಿಸಿಕೊಂಡಿದ್ದೆ. ಹೆದ್ದಾರಿ ಬಿಟ್ಟು ನಮ್ಮೂರು ಲಾಸ್ ಓಲ್ಮೋಸ್ ಕಡೆಗೆ ತಿರುಗಿದಾಗ ಸೂರ್ಯ ಇನ್ನೂ ಬೆಟ್ಟದ ಮೇಲಿದ್ದ. ಆಗ ಬಂದವು ಬೂದು ಕೊಕ್ಕರೆಗಳು. ಚಳಿಗಾಲ ಕಳೆಯಲು ಉತ್ತರದಿಂದ ನಮ್ಮ ನದಿಯ ಬಯಲಿಗೆ ಬರುವ ಮೊದಲ ದೊಡ್ಡ ತಂಡ ಅದು. ಸಾಲಿನ ಹಿಂದೆ ಸಾಲು, ಅದರ ಹಿಂದೆ ಇನ್ನೊಂದು ಸಾಲು, ಆಕಾಶ ಮುಗಿದರೂ ಅವು ಮುಗಿಯಲಿಲ್ಲ. ಅವುಗಳ ಕೂಗು ಕಿವಿಗೆ ಕೇಳುವುದಕ್ಕಿಂತ ಎದೆಗೆ ಹೆಚ್ಚು ಕೇಳುತ್ತದೆ. ಐವತ್ತೇಳು ವರ್ಷವಾಯಿತು, ಆ ಕೂಗಿಗೆ ನಾನು ಇನ್ನೂ ಒಗ್ಗಿಲ್ಲ.

ಕಾಲುವೆಯ ಸೇತುವೆ ಹತ್ತಿರ ಎಡಗಡೆಯ ಏರಿಯ ಮೇಲಿಂದ ಹಳೇ ಹಸಿರು ಪಿಕಪ್ಪೊಂದು, ಅಲ್ಲಿ ನಿಲ್ಲಬೇಕೆಂಬ ಫಲಕವನ್ನು ಕ್ಯಾರೇ ಅನ್ನದೆ ನುಗ್ಗಿತು. ಬಡಿದ ಸದ್ದು ನೆನಪಿಲ್ಲ. ನೆನಪಿರುವುದು ಕೆಂಪು ಬಣ್ಣ. ಮೂಟೆ ಬಿಚ್ಚಿಕೊಂಡು ಮೆಣಸಿನಕಾಯಿ ಕಾರಿನ ತುಂಬ, ನನ್ನ ಮಡಿಲ ತುಂಬ, ಒಡೆದ ಕಿಟಕಿಯಿಂದ ರಸ್ತೆಯ ತುಂಬ. ಇಷ್ಟೊಂದು ರಕ್ತ ನನ್ನೊಳಗಿತ್ತೇ ಎಂದು ಆಶ್ಚರ್ಯಪಟ್ಟೆ, ಆಮೇಲೆ ಸೀನು ಬಂತು.

ಪಿಕಪ್ಪಿನಿಂದ ಇಳಿದು ಓಡಿಬಂದವರು ಓನೋಫ್ರೆ, ನಮ್ಮೂರ ಕಾಲುವೆಯ ನೀರುಗಂಟಿ. ಎಪ್ಪತ್ತು ದಾಟಿದ ಮನುಷ್ಯ. ಯಾರ ಹೊಲಕ್ಕೆ ಎಷ್ಟು ಹೊತ್ತು ನೀರು ಎಂಬುದರಲ್ಲಿ ಸ್ವಂತ ತಮ್ಮನಿಗೂ ಒಂದು ನಿಮಿಷ ಬಿಟ್ಟುಕೊಡದವರು. ಅವರ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅಳುವೋ ಖಾರವೋ ತಿಳಿಯಲಿಲ್ಲ.

"ಹಕ್ಕಿ ನೋಡ್ತಿದ್ದೆ ಮಿಹಾ," ಅಂದರು. ಮಗಳೇ ಎಂದು ಕರೆಯುವಂತೆ. "ದೇವರಾಣೆ, ಹಕ್ಕಿ ನೋಡ್ತಿದ್ದೆ."

ಬೈಯಬೇಕಿತ್ತು. ಆದರೆ ನಾನೂ ಹಕ್ಕಿಯನ್ನೇ ನೋಡುತ್ತಿದ್ದೆ, ನೋಡದಿದ್ದವರು ಆ ರಸ್ತೆಯಲ್ಲಿ ಯಾರೂ ಇರಲಿಲ್ಲ. ಪೊಲೀಸಿನವನು ಸೀನುತ್ತಾ ಕೇಳಿದಾಗ ಓನೋಫ್ರೆ ತಲೆ ತಗ್ಗಿಸಿ ಹೇಳಿದರು: ಪಿಕಪ್ಪಿಗೆ ಇನ್ಶೂರೆನ್ಸ್ ಇಲ್ಲ.

ಅಕ್ಕ ಏಪ್ರನ್ನಿನಲ್ಲೇ ನಡೆದುಬಂದು ಆಂಬುಲೆನ್ಸ್ ಹತ್ತಿದಳು. ಊರವರು ಸ್ಕರ್ಟಿನಲ್ಲಿ, ಟೋಪಿಯಲ್ಲಿ ಮೆಣಸಿನಕಾಯಿ ಆರಿಸುತ್ತಿದ್ದರು. ಇನ್ನೆರಡು ವಾರ ಅಕ್ಕನ ಮನೆಯಲ್ಲೇ ಇರಬೇಕಾಗಬಹುದು.

ನವೆಂಬರ್ ೧೮, ಸೋಮವಾರ

ಬೆಳಗಿನಿಂದ ಫೋನು. ಬಾಡಿಗೆ ಕಾರಿನ ಕೌಂಟರಿನಲ್ಲಿ ಏನು ಕೇಳಿದರೂ ಬೇಡ ಅನ್ನು ಎಂಬುದು ಅಪ್ಪನ ವೇದವಾಕ್ಯ. ನಮ್ಮಪ್ಪ ಒಬ್ಬನೇ ಅಲ್ಲ, ಈ ದೇಶದ ಅಪ್ಪಂದಿರೆಲ್ಲ ಮಕ್ಕಳಿಗೆ ಇದನ್ನು ಹೇಳಿಯೇ ಕಣ್ಣು ಮುಚ್ಚುವುದು. ಆ ಹುಡುಗಿ ಪರದೆ ತೋರಿಸಿ "ಇದು ಬೇಕಾ ಮೇಡಂ? ಇದು?" ಎಂದಾಗ ಬೇಡ, ಬೇಡ, ಬೇಡ ಎಂದು ಬೆರಳೊತ್ತಿದ್ದೆ. ಅದರಲ್ಲೊಂದು, ವಿಮೆಯಿಲ್ಲದವನು ಬಂದು ಗುದ್ದಿದರೆ ನನ್ನ ಮೈಗಾದ ಪೆಟ್ಟಿಗೆ ಕೊಡುವಂಥದ್ದು. ನನ್ನ ಕ್ರೆಡಿಟ್ ಕಾರ್ಡು ಎಲ್ಲ ನೋಡಿಕೊಳ್ಳುತ್ತದೆ ಎಂದು ನಂಬಿದ್ದೆ.

ಕಾರ್ಡಿನವರು ಇವತ್ತು ಬಹಳ ಸಭ್ಯವಾಗಿ ಹೇಳಿದರು. ಅವರು ಕಾರಿಗೆ ಮಾತ್ರ. ಬಾಗಿಲು, ಗಾಜು, ಚಕ್ರ ಎಲ್ಲಕ್ಕೂ ಅವರಿದ್ದಾರೆ. ಒಳಗಿದ್ದವಳಿಗಿಲ್ಲ. ಡೆನ್ವರಿನಲ್ಲಿ ಗಂಡನನ್ನೂ ಸಂಗೀತ ಮೇಷ್ಟ್ರ ಕೆಲಸವನ್ನೂ ಬಿಟ್ಟು ಬರುವಾಗ ನನ್ನ ಕಾರನ್ನೂ ಮಾರಿದ್ದೆ. ಕಾರಿಲ್ಲದವಳಿಗೆ ಕಾರಿನ ವಿಮೆ ಎಲ್ಲಿಂದ? ಅಗ್ಗದ ಆರೋಗ್ಯ ವಿಮೆಯೊಂದಿತ್ತು, ಅದು ತುರ್ತು ಚಿಕಿತ್ಸೆಗೆ ಕೊಟ್ಟು ಕೈ ತೊಳೆದುಕೊಂಡಿತು.

ಕಾರಿನ ಬಾಗಿಲಿಗೆ ಹೇಳುವವರು ಕೇಳುವವರು ಇದ್ದಾರೆ, ನನ್ನ ಮಣಿಕಟ್ಟು ಮಾತ್ರ ಅನಾಥ. ನಕ್ಕೆ. ನಕ್ಕರೆ ಪಕ್ಕೆಲುಬು ನೋಯುತ್ತದೆ.

ನವೆಂಬರ್ ೨೧, ಗುರುವಾರ

ಆಲ್ಬುಕರ್ಕಿಯ ಕೈ ಡಾಕ್ಟರು ನನ್ನ ಎಕ್ಸ್-ರೇ ತೋರಿಸಿದರು. ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳು, ನದಿಯಲ್ಲಿ ಆರಿಸಿ ತಂದ ಕಲ್ಲುಗಳಂತೆ. ಇಷ್ಟು ವರ್ಷ ಇವುಗಳ ಪರಿಚಯವೇ ಇಲ್ಲದೆ ಪಿಯಾನೊ ನುಡಿಸಿದ್ದೆನಲ್ಲ! ಯಾರು ಕಲಿಸಿದರು ಇವಕ್ಕೆ ಒಂದರ ಮೇಲೊಂದು ಜಾರುವುದನ್ನು? ಬಾಯಿ ಬಿಟ್ಟು ನೋಡುತ್ತಾ ಕೂತೆ, ಡಾಕ್ಟರು ಹೇಳಿದ್ದರಲ್ಲಿ ಅರ್ಧ ಕೇಳಿಸಲಿಲ್ಲ.

ಉಳಿದರ್ಧ ಅಕ್ಕ ಕಾರಿನಲ್ಲಿ ಹೇಳಿದಳು. ಕಿರುಬೆರಳು, ಉಂಗುರಬೆರಳು ಮಡಚುವುದಿಲ್ಲ. ಆಪರೇಷನ್ ಆಗಬೇಕು, ವಸಂತ ಬರುವುದರೊಳಗೆ. ತಡವಾದರೆ ಅವೆರಡು ಬೆರಳು ಹಾಗೇ ಕಡ್ಡಿಯಾಗಿ ಉಳಿಯುತ್ತವೆ. ಯಾರು ಹಣ ಕಟ್ಟುತ್ತಾರೆ ಎಂದು ತಿಳಿಯುವವರೆಗೆ ಆಸ್ಪತ್ರೆ ದಿನ ಕೊಡುವುದಿಲ್ಲ.

ಭಾನುವಾರ ಚರ್ಚಿನಲ್ಲಿ ಆರ್ಗನ್ ನುಡಿಸಲು ಯಾರೂ ಇರುವುದಿಲ್ಲ. ಬೇರೆಯವರು ಸಿಗುವವರೆಗೆ ಎಂದು ನಾನೇ ಒಪ್ಪಿಕೊಂಡಿದ್ದೆ, ಹೋದ ವರ್ಷದ ಕ್ರಿಸ್ಮಸ್ಸಿಗೂ ಮೊದಲು.

ನವೆಂಬರ್ ೨೬, ಮಂಗಳವಾರ

ಇವತ್ತೊಂದು ಸೋಜಿಗ ತಿಳಿಯಿತು.

ಅಕ್ಕ ತನ್ನ ಕಾರಿನ ವಿಮೆಯವರಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದಳು. ವಿಮೆಯಿಲ್ಲದವನು ಗುದ್ದಿದರೆ ನೆರವಿಗೆ ಬರುವ ಭಾಗ ಅವಳ ಪಾಲಿಸಿಯಲ್ಲಿದೆಯಂತೆ.

"ಆದ್ರೆ ಪೆಟ್ಟಾಗಿದ್ದು ನನ್ನ ಕಾರಲ್ಲಲ್ಲಮ್ಮ, ಬಾಡಿಗೆ ಕಾರಲ್ಲಿ," ಅಂದಳು ಅಕ್ಕ.

"ಅದು ಕಾರಿಗೆ ಅಂಟ್ಕೊಂಡಿರಲ್ಲ ಮೇಡಂ, ಜನಕ್ಕೆ ಅಂಟ್ಕೊಂಡಿರುತ್ತೆ," ಅಂದಳು ಆ ಕಡೆಯ ಹೆಂಗಸು. "ಬಾಡಿಗೆ ಕಾರಲ್ಲಿರಿ, ಸ್ನೇಹಿತರ ಕಾರಲ್ಲಿರಿ, ಸುಮ್ನೆ ರಸ್ತೆ ದಾಟ್ತಾ ಇರಿ. ನೀವು, ನಿಮ್ಮ ಮನೆಯವರು ಎಲ್ಲಿ ಹೋದ್ರೂ ಹಿಂದೇನೇ ಬರುತ್ತೆ."

ನನಗೆ ಮೈ ಜುಂ ಎಂದಿತು. ಬೆಳಿಗ್ಗೆ ಎದ್ದು ಹಾಲು ತರಲು ಹೋಗುವ ಮನುಷ್ಯನ ಹಿಂದೆ, ಅವನಿಗೇ ಗೊತ್ತಿಲ್ಲದೆ, ಕಣ್ಣಿಗೆ ಕಾಣದ ಒಂದು ಹೊದಿಕೆ ಊರೂರು ಸುತ್ತುತ್ತದೆ! ಅಕ್ಕ ಕಂತು ಕಟ್ಟುತ್ತಾ ಮನೆಯಲ್ಲಿ ಕೂತಿದ್ದಾಳೆ, ಅದು ಅರಿಜೋನಾವರೆಗೂ ಹೋಗಿ ಬರುತ್ತದೆ. ಇಂಥದ್ದನ್ನು ಯೋಚಿಸಿದವನು ಯಾರೋ, ಅವನ ಹೊಟ್ಟೆ ತಣ್ಣಗಿರಲಿ.

"ಆದ್ರೆ ಮನೆಯವರಿಗೆ ಮಾತ್ರ," ಅಂದಳು ಆ ಹೆಂಗಸು. "ಸಂಬಂಧಿಕರಾಗಿರ್ಬೇಕು, ಅಪಘಾತ ಆದಾಗ ಅದೇ ಮನೆಯಲ್ಲಿ ವಾಸ ಇರ್ಬೇಕು. ಬಂದು ಹೋಗೋ ನೆಂಟರಿಗೆ ಬರಲ್ಲ."

"ನನ್ನ ಒಡಹುಟ್ಟಿದ ತಂಗಿ. ಇಲ್ಲೇ ಇದಾಳೆ!"

"ಬೆನಿ, ನಾನು ನೆಂಟಳು," ಅಂದೆ. ಫೋನು ಕೇಳಿಸಿಕೊಂಡಿತೋ ಏನೋ, ಅಕ್ಕ ಪಟ್ಟನೆ ಕೈ ಅಡ್ಡ ಹಿಡಿದಳು. ಆಮೇಲೆ ನಡೆದದ್ದು ಮಹಾಯುದ್ಧ.

"ಒಂದೂವರೆ ವರ್ಷದಿಂದ ಇಲ್ಲೇ ತಿಂದ್ಕೊಂಡು ಇಲ್ಲೇ ಬಿದ್ಕೊಂಡಿದೀಯ, ನೆಂಟಳಂತೆ ನೆಂಟಳು!"

"ಎರಡು ವಾರಕ್ಕೆ ಅಂತ ಬಂದೋಳು ನಾನು. ಟೂಸಾನಿಗೆ ಹೋಗಿದ್ದೇ ಮನೆ ನೋಡೋಕೆ. ನನ್ನ ಪೆಟ್ಟಿಗೆಗಳು ಇನ್ನೂ ಬಿಚ್ಚಿಲ್ಲ, ಹಜಾರದಲ್ಲಿ ಹಾಗೇ ಇವೆ. ನಾನು ಸುಳ್ಳು ಹೇಳಲ್ಲ."

"ಹಾಗಾದ್ರೆ ಮೂರು ಬೆರಳಲ್ಲಿ ಪಿಯಾನೊ ಬಾರಿಸು ಹೋಗು!"

ಬಾಗಿಲು ಬಡಿದುಕೊಂಡು ಹೋದಳು. ಮೊಣಕಾಲು ನೋವಿನವಳು ಅಷ್ಟು ಜೋರಾಗಿ ನಡೆದದ್ದು ಬಹಳ ದಿನವಾಗಿತ್ತು. ಬೆರಳು ಬೇಕು, ದೇವರೇ, ಖಂಡಿತ ಬೇಕು. ಆದರೆ ಇಲ್ಲದ್ದನ್ನು ಇದೆ ಎಂದು ಹೇಗೆ ಹೇಳಲಿ? ವಿಚಾರಣೆಗೆ ಜನವರಿಯಲ್ಲಿ ಒಬ್ಬರು ಮನೆಗೇ ಬರುತ್ತಾರಂತೆ.

ಡಿಸೆಂಬರ್ ೩, ಮಂಗಳವಾರ

ಹಿತ್ತಲಲ್ಲಿ ಟಕ್ ಟಕ್ ಸದ್ದು. ಕಿಟಕಿಯಿಂದ ನೋಡಿದರೆ ಓನೋಫ್ರೆ ಸೌದೆ ಒಡೆದು ಶೆಡ್ಡಿನ ಗೋಡೆಗೆ ಜೋಡಿಸುತ್ತಿದ್ದಾರೆ. ಯಾರೂ ಹೇಳಿಲ್ಲ. ಅಕ್ಕ ಕಾಫಿ ಕೊಟ್ಟಳು, ನಾನು ಮಾತಾಡಲಿಲ್ಲ. ಊರಿನ ನೀರನ್ನೆಲ್ಲ ಕಣ್ಣಲ್ಲಿ ಕಣ್ಣಿಟ್ಟು ಕಾಯುವ ಮನುಷ್ಯನಿಗೆ ತನ್ನ ಗಾಡಿಯ ವಿಮೆ ಕಾಯಲಾಗಲಿಲ್ಲವೇ? ಅಕ್ಕನ ಪ್ರಕಾರ, ಹೆಂಡತಿಯ ಕಣ್ಣಿನ ಚಿಕಿತ್ಸೆಯ ವರ್ಷ ಕಂತು ಬಿಟ್ಟದ್ದು, ಆಮೇಲೆ ಹಾಗೇ ಉಳಿಯಿತಂತೆ. ಹೆಂಡತಿಯೂ ಉಳಿಯಲಿಲ್ಲ.

ಸೌದೆ ಮಾತ್ರ ಎಷ್ಟು ಅಂದವಾಗಿ ಜೋಡಿಸಿದ್ದಾರೆಂದರೆ, ಒಲೆಗೆ ಹಾಕಲು ಮನಸ್ಸು ಬರುವುದಿಲ್ಲ.

ಡಿಸೆಂಬರ್ ೨೨, ಭಾನುವಾರ

ತಮಾಲೆ ಮಾಡುವ ದಿನ. ರಸ್ತೆಯಲ್ಲಿ ಚೆಲ್ಲಿದ್ದ ಮೆಣಸಿನಕಾಯಿಯನ್ನು ಊರವರು ಒಂದೂ ಬಿಡದೆ ಅಕ್ಕನಿಗೆ ಮುಟ್ಟಿಸಿದ್ದರು. ಅದನ್ನೇ ತೊಳೆದು, ಬೇಯಿಸಿ, ರುಬ್ಬಿದೆವು. ಅಕ್ಕ ತೆನೆಯ ಒಣಸಿಪ್ಪೆಗೆ ಮೆಕ್ಕೆಜೋಳದ ಹಿಟ್ಟು ಹಚ್ಚಿ ಹೂರಣವಿಟ್ಟಳು, ನಾನು ಒಂದೇ ಕೈಯಲ್ಲಿ ಸಿಪ್ಪೆ ಸುತ್ತಿದೆ. "ಕೂಸಿಗೆ ಲಂಗೋಟಿ ಕಟ್ಟಿದ ಹಾಗಿದೆ," ಎಂದು ಅಕ್ಕ ನನ್ನ ತಮಾಲೆಗಳನ್ನು ಬೇರೆಯೇ ಇಟ್ಟಳು. ತಿನ್ನುವಾಗ ಗಾಜಿನ ಚೂರೊಂದು ಸಿಕ್ಕಬಹುದೆಂದು ಇಬ್ಬರೂ ಹೆದರಿ ಹೆದರಿ ಕಚ್ಚಿದೆವು. ಇಂಥ ರುಚಿ ಯಾವ ವರ್ಷವೂ ಬಂದಿರಲಿಲ್ಲ.

ನೀಲಿ ಅಂಚಿನ ತಟ್ಟೆಗಳಲ್ಲಿ ಬಡಿಸಿದಳು. ಡೆನ್ವರಿನಲ್ಲಿ ನನ್ನ ಬಳಿ ಇದ್ದದ್ದೂ ಇಂಥವೇ. ಅಮ್ಮ ಇಬ್ಬರ ಮದುವೆಗೂ ಒಂದೇ ಅಂಗಡಿಯಿಂದ ತಂದದ್ದು. ಅಕ್ಕನವು ಇಷ್ಟು ವರ್ಷವಾದರೂ ಒಂದು ಚಕ್ಕೆ ಎದ್ದಿಲ್ಲ. ಅವಳ ಅಚ್ಚುಕಟ್ಟಿನ ಮುಂದೆ ನಾನು ಸೊನ್ನೆ.

ಓನೋಫ್ರೆ ಸೌದೆ ಕೆಲಸ ಮುಗಿಸಿ ಹೊರಟಿದ್ದರು. ನಾನೇ ಕರೆದು ಆರು ತಮಾಲೆ ಕೊಟ್ಟೆ, ಲಂಗೋಟಿಯವು.

ಜನವರಿ ೧೧, ಶನಿವಾರ

ವಿಮೆ ಕಂಪನಿಯ ಬೋವೆನ್ ಎಂಬುವರು ಮಂಗಳವಾರ ಬರುತ್ತಾರೆ. ಅಕ್ಕನಿಗೆ ನಾಟಕದ ಹುಚ್ಚು ಹಿಡಿದಿದೆ. ನಾನು ಚರ್ಚಿನಿಂದ ಬರುವಷ್ಟರಲ್ಲಿ ನನ್ನ ಕೋಟು ಬಾಗಿಲ ಪಕ್ಕದ ಮೊಳೆಗೆ ಬಂದಿದೆ. ಗೋಡೆಯ ಮೇಲೆ ನನ್ನ ಹದಿನಾರನೇ ವಯಸ್ಸಿನ ಪಟ, ಹಲ್ಲಿಗೆ ತಂತಿ ಕಟ್ಟಿಸಿಕೊಂಡಿದ್ದದ್ದು. ಹಜಾರದಲ್ಲಿ ನನ್ನ ಪೆಟ್ಟಿಗೆಗಳ ಗೋಡೆಯಿತ್ತಲ್ಲ, ಅದು ಮಾಯ!

"ಶೆಡ್ಡಿಗೆ ಹಾಕ್ದೆ," ಅಂದಳು.

"ಒಬ್ಬಳೇ?"

"ಮತ್ತೆ? ನಿನ್ನ ಕೈ ನೋಡಿದ್ರೆ ಹಾಗಿದೆ."

ಮೆಟ್ಟಿಲು ಹತ್ತಲು ಒದ್ದಾಡುವವಳು ಅಷ್ಟು ಪೆಟ್ಟಿಗೆ ಹೇಗೆ ಹೊತ್ತಳೋ. ಹಟಕ್ಕೆ ಬಿದ್ದರೆ ಅಕ್ಕ ಬೆಟ್ಟವನ್ನೂ ಸರಿಸುತ್ತಾಳೆ. ಪಟ ಮಾತ್ರ ತೆಗೆಸಿದೆ. ಹಜಾರ ಬೋಳು ಬೋಳಾಗಿ ಕಾಣುತ್ತದೆ. ಆ ಪೆಟ್ಟಿಗೆಗಳನ್ನು ನೋಡಿದಾಗಲೆಲ್ಲ, ಮನಸ್ಸು ಬಂದ ದಿನ ಹೊರಡಬಹುದು ಎಂದು ಒಂದು ಸಮಾಧಾನವಿರುತ್ತಿತ್ತು.

ಜನವರಿ ೧೪, ಮಂಗಳವಾರ

ಇವತ್ತು ನಡೆದದ್ದೆಲ್ಲವನ್ನೂ ಬರೆಯಬೇಕು.

ಬೋವೆನ್ ಉದ್ದನೆಯ ಮನುಷ್ಯ, ನಮ್ಮ ಅಡುಗೆಮನೆಯ ಬಾಗಿಲಿಗೆ ತಲೆ ಬಗ್ಗಿಸಿಯೇ ಬಂದರು. ರೆಕಾರ್ಡರನ್ನು ಮೇಜಿನ ಮೇಲಿಟ್ಟು, ನಿಜವನ್ನೇ ಹೇಳುತ್ತೇನೆಂದು ನನ್ನಿಂದ ಹೇಳಿಸಿದರು. ಅಕ್ಕ ಒಲೆಯ ಮುಂದೆ ಪೊಸೋಲೆ, ನಮ್ಮ ಮೆಕ್ಕೆಜೋಳದ ಸಾರು, ತಿರುವುತ್ತಾ ನಿಂತಳು. ಅವಳ ಬೆನ್ನಿಗೂ ಕಿವಿಯಿತ್ತು.

ಎಲ್ಲಿ ಮಲಗುತ್ತೀರಿ? ಹಿಂದಿನ ಕೋಣೆಯಲ್ಲಿ. ಬಾಡಿಗೆ ಕೊಡುತ್ತೀರಾ? ಅಕ್ಕ ತೆಗೆದುಕೊಳ್ಳುವುದಿಲ್ಲ. ಬೀಗದ ಕೈ ಇದೆಯಾ? ಈ ಊರಲ್ಲಿ ಬೀಗ ಹಾಕುವವರು ಯಾರು ಎಂದು ಅಕ್ಕ ಬೆನ್ನು ತಿರುಗಿಸಿಕೊಂಡೇ ಕೇಳಿದಳು.

"ಟೂಸಾನಿಗೆ ಯಾಕೆ ಹೋಗಿದ್ರಿ?"

ಅಕ್ಕನ ಸೌಟು ನಿಂತಿತು. "ಬಾಡಿಗೆಗೆ ಫ್ಲಾಟು ನೋಡೋಕೆ," ಅಂದೆ. "ಇಲ್ಲಿಂದ ಹೊರಡೋಣ ಅಂತ."

"ಹಿಡಿದ್ರಾ?"

"ಇಲ್ಲ. ಅಡುಗೆಮನೆ ಕಿಟಕಿಯಿಂದ ಪಕ್ಕದ ಕಟ್ಟಡದ ಗೋಡೆ ಬಿಟ್ಟು ಏನೂ ಕಾಣ್ತಿರಲಿಲ್ಲ. ಆಕಾಶ ನೋಡ್ಬೇಕಂದ್ರೆ ಬಗ್ಗಿ ನೋಡ್ಬೇಕು. ಆಲೋಚನೆ ಮಾಡಿ ಹೇಳ್ತೀನಿ ಅಂದೆ."

"ಅಪಘಾತ ಆದಾಗ ಎಲ್ಲಿಗೆ ಹೋಗ್ತಿದ್ರಿ?"

"ಮನೆಗೆ. ಬಾಡಿಗೆ ಕಾರು ಮಾರನೇ ದಿನ ಕೊಡ್ಬೇಕಿತ್ತು. ಮೊದ್ಲು ಮನೆಗೆ ಹೋಗಿ ಮೆಣಸಿನಕಾಯಿ ಇಳಿಸಿ, ಉಂಡು, ಆಮೇಲೆ ಅಂತ..."

ಬೋವೆನ್ ಏನನ್ನೋ ಬರೆದುಕೊಂಡರು. ಅಷ್ಟರಲ್ಲಿ ಸೀದ ವಾಸನೆ. ಪೊಸೋಲೆ ತಳ ಹಿಡಿದಿತ್ತು! ಅಕ್ಕ ಅಲುಗದೆ ನಿಂತುಬಿಟ್ಟಿದ್ದಾಳೆ. ಅವಳ ಅಡುಗೆ ತಳ ಹಿಡಿದದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ, ವಯಸ್ಸಾಯಿತು ಪಾಪ. ನಾನೇ ಎದ್ದು ಉರಿ ಆರಿಸಿದೆ.

ನನಗೆ ಮಾತ್ರ ಸಮಾಧಾನವಾಗಲಿಲ್ಲ. ಆ ಮನುಷ್ಯ ಅಕ್ಕನ ನಾಟಕ ನೋಡಿ ಮೋಸ ಹೋಗಬಾರದು. "ಇನ್ನೊಂದು ವಿಷ್ಯ ನೋಡಿ," ಅಂದೆ. "ನನ್ನ ಸಾಮಾನೆಲ್ಲ ಕಟ್ಟಿದ ಪೆಟ್ಟಿಗೇಲೇ ಇದೆ. ಬಂದಾಗಿಂದ ಬಿಚ್ಚಿಲ್ಲ. ನಿಮಗೆ ಕಾಣ್ಬಾರ್ದು ಅಂತ ಇವಳು ಶೆಡ್ಡಿಗೆ ಸಾಗಿಸಿದ್ದಾಳೆ."

"ಎಲ್ವಿ!" ಅಂದಳು ಅಕ್ಕ. ಮುಖ ಬಿಳಿಚಿಕೊಂಡಿತ್ತು. "ಅಲ್ಲಿಗೆ ಬೇಡ. ಅಲ್ಲಿ ಹಾವಿದೆ."

"ಜನವರೀಲಿ ಎಂಥ ಹಾವು?"

ಮೂವರೂ ಹಿತ್ತಲ ಶೆಡ್ಡಿಗೆ ಹೋದೆವು. ಪೆಟ್ಟಿಗೆಗಳು ಸಾಲಾಗಿದ್ದವು, ನನ್ನ ಕೈಬರಹ: ಪಾತ್ರೆ, ಹಾಸಿಗೆ, ಸಂಗೀತ, ದೀಪ. ಎಲ್ಲಕ್ಕೂ ಟೇಪು ಭದ್ರವಾಗಿತ್ತು. ಬೋವೆನ್ ಬಗ್ಗಿ, ಭಾರಕ್ಕೆ ಮೈ ಗಟ್ಟಿ ಮಾಡಿಕೊಂಡು, ಪಾತ್ರೆಯ ಪೆಟ್ಟಿಗೆ ಎತ್ತಿದರು. ಅದು ಗರಿಯಂತೆ ಮೇಲೆ ಬಂತು. ಪಾಪ, ಹಿಂದಕ್ಕೆ ಮುಗ್ಗರಿಸಿ ಸೌದೆಯ ಮೇಲೆ ಕೂತರು.

"ಇದ್ರಲ್ಲಿ ಏನೂ ಇಲ್ಲ ಮೇಡಂ."

ಎಲ್ಲವನ್ನೂ ಒದ್ದು ನೋಡಿದೆ. ಖಾಲಿ. ಒಂದರಲ್ಲೂ ಒಂದು ಚಮಚವಿಲ್ಲ.

"ನನ್ನ ಸಾಮಾನೆಲ್ಲಿ ಬೆನಿ?"

ಅಕ್ಕ ಏಪ್ರನ್ನಿನ ಅಂಚನ್ನು ಹಿಂಡುತ್ತಿದ್ದಳು. "ಇಲಿ ಬಂದಿತ್ತು ಕಣೇ, ನೀನು ಬಂದ ವರ್ಷವೇ. ಒಂದೊಂದಾಗಿ ತೆಗೆದೆ. ನಿನ್ನ ತಟ್ಟೇಲೇ ದಿನಾ ಉಣ್ತಿದೀಯಲ್ಲೇ! ನನ್ನವು ಒಡೆದು ಯಾವ ಕಾಲ ಆಯ್ತು. ಆ ಓದೋ ದೀಪ ನಿಂದು. ಹೊದಿಯೋ ರಗ್ಗು ನಿಂದು. ದಿನಾ ಈರುಳ್ಳಿ ಹೆಚ್ತೀಯಲ್ಲ, ಆ ಚಾಕು ನಿಂದು. ಕಣ್ಣೇ ಇಲ್ವಾ ನಿಂಗೆ?"

"ಮತ್ತೆ ಟೇಪು ಯಾಕೆ ಹಾಕಿದ್ದೆ?"

"ಹೊರಡ್ತೀನಿ ಹೊರಡ್ತೀನಿ ಅಂತಿದ್ಯಲ್ಲ. ನಿನ್ನ ಬಿಂಕ ನಿನಗಿರ್ಲಿ ಅಂತ."

ನಾನು ಸೌದೆಯ ಮೇಲೆ ಬೋವೆನ್ ಪಕ್ಕದಲ್ಲಿ ಕೂತುಬಿಟ್ಟೆ. ಬೋವೆನ್ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು, ಧೂಳಿಗೆ ಅಲರ್ಜಿಯಂತೆ. ಸೀದ ಪೊಸೋಲೆಯನ್ನೇ ಎರಡು ಸಲ ಹಾಕಿಸಿಕೊಂಡು ತಿಂದರು. ನೀಲಿ ಅಂಚಿನ ಬಟ್ಟಲಿನಲ್ಲಿ.

ಜನವರಿ ೧೫, ಬುಧವಾರ

ಮನೆಯಲ್ಲಿ ಸುಮ್ಮನೆ ತಿರುಗಾಡಿದೆ. ಕಿಟಕಿಯ ಪರದೆ ನನ್ನದು. ಬಾಗಿಲಿನ ಕಾಲೊರಸು ನನ್ನದು. ಒಲೆಯ ಪಕ್ಕದ ಉಪ್ಪಿನ ಡಬ್ಬಿ, ಚರ್ಚಿಗೆ ಒಯ್ಯುವ ಸಂಗೀತದ ಪುಸ್ತಕಗಳು, ಅಮ್ಮನ ಗಡಿಯಾರ ಎಲ್ಲ ನನ್ನವು. ಅಕ್ಕನ ವಸ್ತುಗಳ ನಡುವೆ ಅವನ್ನು ಹುಡುಕಿ ಬೇರೆ ಮಾಡಲು ನೋಡಿದೆ, ಆಗಲಿಲ್ಲ. ಒಂದೂವರೆ ವರ್ಷ ಇವುಗಳ ನಡುವೆ ಓಡಾಡಿದ್ದೇನೆ. ಕೊಕ್ಕರೆಗಳಿಗೆ ಬಾಯಿ ಬಿಟ್ಟುಕೊಂಡು ನಿಲ್ಲುವ ನಾನು ಮೂಗಿನ ಕೆಳಗಿನ ಇದನ್ನು ನೋಡಲಿಲ್ಲ. ಎಂಥ ಹೆಂಗಸು ನನ್ನ ಅಕ್ಕ! ಅವಳನ್ನು ನೋಡಿದರೆ ಇವತ್ತು ಭಯಭಕ್ತಿ ಬರುತ್ತಿದೆ. ಅವಳು ಮಾತ್ರ ಇನ್ನೂ ನನ್ನ ಮೇಲೆ ಸಿಟ್ಟಿನಲ್ಲಿದ್ದಾಳೆ, ಪೆಟ್ಟಿಗೆ ತೋರಿಸಿದ್ದಕ್ಕೆ.

ಟೂಸಾನಿನವರಿಂದ ಫೋನು ಬಂದಿತ್ತು. ಮತ್ತೆ ಮಾಡಲು ಮರೆತೆ.

ಫೆಬ್ರವರಿ ೬, ಗುರುವಾರ

ಬೋವೆನ್ ಫೋನು ಮಾಡಿದರು. ಒಪ್ಪಿದೆ! ಕಂಪನಿ ನನ್ನನ್ನು ಮನೆಯವಳೆಂದು ಒಪ್ಪಿದೆ. ಆಪರೇಷನ್ನಿಗೆ ಆಸ್ಪತ್ರೆ ದಿನ ಕೊಟ್ಟಿದೆ. ಅಕ್ಕ ಗೋಡೆಯ ಮೇರಿಯಮ್ಮನಿಗೆ ಮೊಂಬತ್ತಿ ಹಚ್ಚಿ, ಆಮೇಲೆ ನನ್ನ ಕಿವಿ ಹಿಂಡಿದಳು.

ಆದರೆ ಬೋವೆನ್ ಹೇಳಿದ ಇನ್ನೊಂದು ಮಾತು ನನ್ನನ್ನು ಕೂರಲು ಬಿಡಲಿಲ್ಲ. ನಾವು ಅಕ್ಕತಂಗಿಯರ ಮಾತೊಂದೇ ಸಾಲದೆಂದು ಅವರು ಊರಲ್ಲೂ ವಿಚಾರಿಸಿದ್ದರು. ನೀರುಗಂಟಿಯನ್ನೂ ಕೇಳಿದ್ದರು. ಈಗ ನನಗೆ ಕೊಡುವುದನ್ನು ಕಂಪನಿ ನಾಳೆ ಗುದ್ದಿದವರಿಂದ ವಸೂಲು ಮಾಡಲು ಹೊರಡುತ್ತದೆ. ಅಂದರೆ ನಾನು ನೆಂಟಳು ಎಂದು ಓನೋಫ್ರೆ ಒಂದು ಮಾತು ಹೇಳಿದ್ದರೆ ಕಂಪನಿ ಅವರ ಬಾಗಿಲಿಗೆ ಬರುತ್ತಿರಲಿಲ್ಲ.

ನಡೆದುಕೊಂಡೇ ಹೋದೆ. ಕಾಲುವೆ ಏರಿಯ ಮೇಲೆ ಸಲಿಕೆ ಹಿಡಿದು ಬರುತ್ತಿದ್ದರು. ಪಿಕಪ್ಪನ್ನು ಆಗಲೇ ಮಾರಿಬಿಟ್ಟಿದ್ದಾರೆ.

"ದೋನ್ ಓನೋಫ್ರೆ, ಅವರು ನಿಮ್ಮ ಹತ್ರ ವಸೂಲಿಗೆ ಬರ್ತಾರೆ ಅಂತ ಗೊತ್ತಿತ್ತಾ?" ಹಿರಿಯರ ಹೆಸರಿಗೆ ಹಾಕುವ ದೋನ್ ಹಾಕಿಯೇ ಕೇಳಿದೆ.

"ಆ ಉದ್ದನೆ ಮನುಷ್ಯನೇ ಹೇಳ್ದ, ಪ್ರಾಮಾಣಿಕ."

"ಗೊತ್ತಿದ್ದೂ ಹೇಳಿದ್ರಾ?"

"ಏನು ಹೇಳ್ದೆ? ಇ‍ದ್ದದ್ದು ಹೇಳ್ದೆ." ಸಲಿಕೆಯನ್ನು ನೆಲಕ್ಕೆ ಊರಿದರು. "ಹೋದ ವರ್ಷ ಹೂಳೆತ್ತೋ ದಿನ ಬೆನಿಗ್ನಾ ಮನೆ ಪರವಾಗಿ ನೀನು ಬಂದೆ. ನೀನು ಅಗೆಯಬೇಕಾದ ಪಾಲು ನಾನು ಅಳೆದುಕೊಟ್ಟೆ. ಪಕ್ಕದವರದಕ್ಕಿಂತ ಉದ್ದ ಇದೆ ಅಂತ ಇಡೀ ಊರಿನ ಮುಂದೆ ನನ್ನ ಮಾನ ಕಳೆದೆ. ನೆನಪಿದೆಯಾ? ಕೂಲಿಯವರು ಎಷ್ಟೋ ಜನ ಬರ್ತಾರೆ ಮಿಹಾ. ಅಳತೆಗೆ ಜಗಳ ಆಡೋ ಕೂಲಿಯವನನ್ನ ನಾನು ಈವರೆಗೆ ಕಂಡಿಲ್ಲ. ಮನೆಯವರೇ ಆಡೋದು. ಅದನ್ನೇ ಅವನಿಗೆ ಹೇಳ್ದೆ."

"ನಿಮ್ಮ ಗತಿ?"

"ಸ್ವಲ್ಪ ಸ್ವಲ್ಪವಾಗಿ ಕಟ್ತೀನಿ. ನೀರಿನ ಬಾಕಿ ಇಟ್ಟೋರಿಗೆ ನಾನು ಬಿಟ್ಟಿದೀನಾ?"

ಈ ಮನುಷ್ಯನ ಜೊತೆ ಒಂದು ತಿಂಗಳು ಮಾತು ಬಿಟ್ಟಿದ್ದೆ. ಅವರ ಮುಂದೆ ನಿಂತಾಗ ಎತ್ತರದ ಏನನ್ನೋ ಕತ್ತೆತ್ತಿ ನೋಡುತ್ತಿರುವಂತೆ ಅನ್ನಿಸಿತು, ಅವರು ನನಗಿಂತ ಗಿಡ್ಡ. ಭಾನುವಾರದ ಊಟಕ್ಕೆ ಮನೆಗೆ ಬನ್ನಿ ಎಂದೆ. ಪ್ರತಿ ಭಾನುವಾರ.

ಫೆಬ್ರವರಿ ೨೪, ಸೋಮವಾರ

ಆಪರೇಷನ್ ಆಯಿತು. ಇವತ್ತು ಬೆಳಿಗ್ಗೆ ಡಾಕ್ಟರು ಪಟ್ಟಿ ಸಡಿಲಿಸಿ, ಮಡಚಿ ನೋಡಿ ಎಂದರು. ಕಿರುಬೆರಳು ಅಲುಗಿತು. ಕೂದಲೆಳೆಯಷ್ಟು. ಅಕ್ಕನೂ ನಾನೂ ಒಬ್ಬರನ್ನೊಬ್ಬರು ನೋಡಿ ಅತ್ತುಬಿಟ್ಟೆವು.

ವಾಪಸ್ ಬರುವಾಗ ಕೊಕ್ಕರೆಗಳು ಉತ್ತರಕ್ಕೆ ಹೊರಟಿದ್ದವು. ಅಕ್ಕ ಕಾರು ನಿಲ್ಲಿಸಿಯೇ ನೋಡಿದಳು. ಒಳ್ಳೆಯದು.

ಮಾರ್ಚ್ ೧೫, ಶನಿವಾರ

ಕಾಲುವೆ ಹೂಳೆತ್ತುವ ದಿನ. ಅಕ್ಕನ ಮೊಣಕಾಲಿಗೆ ಆಗುವುದಿಲ್ಲ, ನಾನೇ ಹೋದೆ. ಎಡಗೈ ಪಟ್ಟಿಯಲ್ಲಿ, ಬಲಗೈಯಲ್ಲಿ ಸಲಿಕೆ. ಬರುವ ತಿಂಗಳು ಇದೇ ಒಣ ಹಳ್ಳದಲ್ಲಿ ನೀರು ಓಡುತ್ತದೆ, ನಮ್ಮ ಗೋಡೆಯ ಪಕ್ಕದಲ್ಲೇ. ಅಡುಗೆಮನೆಗೆ ಅದರ ಸದ್ದು ಕೇಳುತ್ತದೆ. ಮುನ್ನೂರು ವರ್ಷದಿಂದ ಜನ ಹೀಗೆ ಸಾಲಾಗಿ ನಿಂತು ಅಗೆದಿದ್ದಾರೆಂದು ಹೇಳುತ್ತಾರೆ. ಏರಿಯ ಮೇಲೆ ನಿಂತು ಆ ಸಾಲನ್ನು ತುದಿಯವರೆಗೂ ನೋಡಿದೆ.

ಓನೋಫ್ರೆ ಒಂದೊಂದೇ ಮನೆಯ ಹೆಸರು ಕೂಗುತ್ತಾ ಬಂದರು.

"ಬೆನಿಗ್ನಾ ಬಾಕಾ ಮನೆ!"

"ಬಂದಿದೀವಿ!" ಎಂದು ಸಲಿಕೆ ಎತ್ತಿದೆ.

ಪಟ್ಟಿ ಕಟ್ಟಿದ ಕೈಯನ್ನು ನೋಡಿದರು. "ಎಷ್ಟು ಕೈ?"

"ಈ ವರ್ಷ ಒಂದೇ. ಇನ್ನೊಂದನ್ನ ಮುಂದಿನ ವರ್ಷ ತರ್ತೀನಿ."

ಜನ ನಕ್ಕರು. ಓನೋಫ್ರೆ ನಗಲಿಲ್ಲ, ಅವರು ಕೆಲಸದ ವೇಳೆ ನಗುವುದಿಲ್ಲ. ಸಲಿಕೆಯಿಂದ ನನ್ನ ಪಾಲು ಅಳೆದು, ಮಣ್ಣಿನಲ್ಲಿ ಗೆರೆ ಎಳೆದು ಮುಂದೆ ಹೊರಟರು. ನಾನು ಆ ಗೆರೆಯನ್ನೂ ಪಕ್ಕದವರ ಗೆರೆಯನ್ನೂ ಚೆನ್ನಾಗಿ ನೋಡಿದೆ.

"ದೋನ್ ಓನೋಫ್ರೆ, ನಿಂತ್ಕೊಳ್ಳಿ! ನಮ್ಮದು ಉದ್ದ ಇದೆ. ಮತ್ತೆ ಅಳೀರಿ."

ತಿರುಗಿ ಬಂದು, ಟೋಪಿ ತೆಗೆದು ಬೆವರೊರೆಸಿಕೊಂಡು, ಇಡೀ ಊರಿನ ಮುಂದೆ ಮೊದಲಿನಿಂದ ಅಳೆದರು. ನಾನು ಹೇಳಿದ್ದೇ ಸರಿ, ಒಂದು ಸಲಿಕೆಯಷ್ಟು ಹೆಚ್ಚಿತ್ತು.